ಸೂಲಗಿತ್ತಿಯ ಮತ

ವಾಷಿಂಗ್ಟನ್
12 ಏಪ್ರಿಲ್ 1964

ಪ್ರೀತಿಯ ಓಝೆಲ್ಲಾ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ ಎಂದು ಮೊದಲೇ ಕೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ನಿನಗೆ ಉತ್ತರ ಕೊಡುವ ಮನಸ್ಸಿರುವುದಿಲ್ಲ.

ನಮ್ಮೂರ ಚರ್ಚಿನ ಹಿರಿಯರಾದ ಡೀಕನ್ ಸ್ಪೈವಿಯವರ ಮಗಳು ಕಳೆದ ಭಾನುವಾರ ಇಲ್ಲಿಯ ಚರ್ಚಿನಲ್ಲಿ ಸಿಕ್ಕಿದ್ದಳು. "ನಿಮ್ಮಕ್ಕ ಓಟಿಗೆ ಹೆಸರು ಬರೆಸೋಕೆ ಕೋರ್ಟ್‌ಹೌಸಿಗೆ ಹೋಗ್ತಾರಂತೆ. ನಮ್ಮಪ್ಪನ್ನೂ ಹೊರಡಿಸಿದ್ದಾರೆ. ಆ ಮುದುಕನಿಗೆ ಮೊದಲೇ ಯಾರ ಮಾತೂ ಕಿವಿಗೆ ಬೀಳಲ್ಲ" ಎಂದಳು. ನಿಜವೇ? ಹೋಗಬೇಡ ಅಕ್ಕಾ. ನಮ್ಮ ಕೌಂಟಿಯ ಮತದಾರರಲ್ಲಿ ನಮ್ಮ ಕಪ್ಪು ಬಣ್ಣದವರು ಒಬ್ಬರೂ ಇಲ್ಲ. ನಿನಗೆ ಸೂಲಗಿತ್ತಿಯ ಪರವಾನಗಿ ಕೊಡುವುದೂ ಅದೇ ಕೌಂಟಿ. ಅದನ್ನು ಕಿತ್ತುಕೊಂಡರೆ ಸಾಯರ್ಸ್‌ಬೆಂಡಿನ ಬಸುರಿಯರೆಲ್ಲ ಎಲ್ಲಿಗೆ ಹೋಗಬೇಕು?

ಸ್ವಲ್ಪ ದಿನ ಕಾದು ನೋಡು. ಅಂಗಡಿ, ಹೋಟೆಲುಗಳಲ್ಲಿ ನಮ್ಮನ್ನೂ ಕೂರಿಸಿ ಬಡಿಸಬೇಕೆನ್ನುವ ನಮ್ಮ ಹಕ್ಕುಗಳ ಮಸೂದೆ ಇಲ್ಲಿ ಸೆನೆಟ್ಟಿನಲ್ಲಿ ಬಂದು ಕೂತಿದೆ. ದಕ್ಷಿಣದ ಸೆನೆಟರುಗಳಿಗೆ ಅದನ್ನು ಸೋಲಿಸುವಷ್ಟು ಮತವಿಲ್ಲ. ಆದ್ದರಿಂದ ಮತಕ್ಕೇ ಬಿಡದೆ ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡುತ್ತಲೇ ಇದ್ದಾರೆ. ಮೂರರಲ್ಲಿ ಎರಡು ಪಾಲು ಸದಸ್ಯರು ಸಾಕು ಎಂದರೆ ಮಾತ್ರ ಅವರ ಬಾಯಿ ಮುಚ್ಚಿಸಬಹುದಂತೆ. ನಾನು ಅಡುಗೆ ಮಾಡುವ ಮನೆಯ ಸೆನೆಟರ್ ಬ್ರಾಂಡ್‌ವೋಲ್ಡ್ ಸಾಹೇಬರು ಇನ್ನೂ ಯಾವ ಕಡೆಯೂ ಇಲ್ಲ. ಅವರದು ಉತ್ತರದ ಗೋಧಿ ಸೀಮೆ, ಅಲ್ಲಿ ನಮ್ಮವರು ಕಾಣಸಿಗುವುದೇ ಅಪರೂಪ. "ಅಂಗಡಿಯವನು ಯಾರಿಗೆ ಮಾರಬೇಕು ಅಂತ ಸರ್ಕಾರ ಹೇಳಬಹುದಾ?" ಎಂದು ಊಟದ ಮೇಜಿನ ಮುಂದೆ ಕೂತು ತಮಗೆ ತಾವೇ ವಾದ ಮಾಡಿಕೊಳ್ಳುತ್ತಾರೆ. ಅವರ ಊರಿನ ಪಾದ್ರಿಗಳು, ಚರ್ಚಿನ ಹೆಂಗಸರು ಚೀಲಗಟ್ಟಲೆ ಕಾಗದ ಬರೆಯುತ್ತಿದ್ದಾರೆ. ಮೊನ್ನೆ ಅಮ್ಮಾವ್ರ ಚರ್ಚಿನ ಬಳಗದವರು ಕಾಫಿಗೆ ಬಂದಿದ್ದರು. ಹೋಗುವಾಗ ಒಬ್ಬಾಕೆ ಸಾಹೇಬರ ಕೋಟಿನ ಗುಂಡಿ ಹಿಡಿದು, "ಭಾನುವಾರ ನೀವು ಹಾಡಿದ್ದು ಸುಳ್ಳಾ ಹಾಗಾದ್ರೆ?" ಎಂದರು. ನಾನು ಬಾಗಿಲ ಹಿಂದೆ ನಿಂತು ತಟ್ಟೆ ಒರೆಸಿದ್ದೇ ಒರೆಸಿದ್ದು.

ಕೋರ್ಟ್‌ಹೌಸಿನ ಹತ್ತಿರ ಸುಳಿಯುವುದಿಲ್ಲ ಎಂದು ಒಂದು ಸಾಲು ಬರೆದು ಹಾಕು.

ನಿನ್ನ ತಂಗಿ,
ಕ್ಲಿಯೋರಾ


ಸಾಯರ್ಸ್‌ಬೆಂಡ್, ಅಲಬಾಮಾ
6 ಮೇ 1964

ಪ್ರೀತಿಯ ಕ್ಲಿಯೋರಾ,

ನೀನು ಕೇಳಿದ ಸಾಲನ್ನು ಬರೆಯಲಾರೆ, ಏಕೆಂದರೆ ಹೋಗಿ ಬಂದಾಯಿತು. ಮಂಡಿ ಹಾಗೇ ಇದೆ.

ಹೆಸರು ಬರೆಸುವ ಕಚೇರಿ ತಿಂಗಳಿಗೆ ಎರಡೇ ಸೋಮವಾರ ತೆರೆಯುತ್ತದೆ. ಡೀಕನ್ ತಮ್ಮ ಮದುವೆಯ ಸೂಟು ಹಾಕಿಕೊಂಡು ಬಂದರು. ಗುಂಡಿ ಮಾತ್ರ ಹಾಕಲಾಗಲಿಲ್ಲ. ಬೆಳಿಗ್ಗೆಯಿಂದ ಗೋಡೆಗೆ ಒರಗಿ ನಿಂತ ಮೇಲೆ ಟ್ರಾಮೆಲ್ ಸಾಹೇಬರು ನನ್ನನ್ನು ಒಳಗೆ ಕರೆದರು. ನಿನಗೆ ನೆನಪಿರಬೇಕು, ಹಳೆಯ ಗಿರಣಿ ಟ್ರಾಮೆಲ್ಲರ ಕಿರಿಯ ಮಗ. ಸಂವಿಧಾನದ ಒಂದು ತುಂಡು ಕೊಟ್ಟು ಓದಿಸಿದರು, ಓದಿದೆ. ಅರ್ಥ ಹೇಳು ಎಂದರು, ಹೇಳಿದೆ. ಆಮೇಲೆ ಪೆನ್ನು ಕೆಳಗಿಟ್ಟು, "ನಿನ್ನನ್ನ ಬಲ್ಲೆ ಅಂತ ಸಹಿ ಹಾಕೋಕೆ ಒಬ್ಬ ಮತದಾರ ಬೇಕು. ಯಾರಿದ್ದಾರೆ?" ಎಂದರು.

"ನಮ್ಮವರಲ್ಲಿ ಮತದಾರರೇ ಇಲ್ಲವಲ್ಲ ಸಾರ್."

"ಹಾಗಾದ್ರೆ ಈ ಊರಲ್ಲಿ ನಿನ್ನನ್ನ ಬಲ್ಲವರು ಯಾರೂ ಇಲ್ಲ ಅಂತಾಯ್ತು."

ಕ್ಲಿಯೋರಾ, ನಾನು ಬಾಯಿ ಮುಚ್ಚಿಕೊಂಡು ಬರಬೇಕೆಂದೇ ಹೋದವಳು. ಆದರೆ ಆ ಮಾತು ಕೇಳಿ ನಗು ಬಂತು. "ನೀವೇ ಬಲ್ಲಿರಿ ಸಾರ್. ನಿಮ್ಮ ತಾಯಿ ಹೆರುವಾಗ ನಿಮ್ಮ ಕಾಲೇ ಮೊದಲು ಬಂದಿತ್ತು. ನಿಮ್ಮನ್ನ ತಿರುಗಿಸಿ ಎತ್ತಿಕೊಂಡೋಳು ನಮ್ಮವ್ವ. ದೀಪ ಹಿಡ್ಕೊಂಡು ನಿಂತಿದ್ದವಳು ನಾನು" ಎಂದೆ.

ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು. "ಇವತ್ತಿಗೆ ಕಚೇರಿ ಮುಚ್ಚಿದೆ" ಎಂದರು. ಇನ್ನೂ ಊಟದ ಹೊತ್ತು ಕೂಡ ಆಗಿರಲಿಲ್ಲ. ಹೊರಗೆ ಡೀಕನ್, "ಏನ್ ಪ್ರಶ್ನೆ ಕೇಳಿದ್ರಮ್ಮಾ, ಅಷ್ಟು ಬೇಗ ಬಾಗಿಲು ಹಾಕೋ ಅಂಥದ್ದು?" ಎಂದು ಕೇಳುತ್ತಲೇ ಇದ್ದರು.

ಗುರುವಾರ ಸೂಲಗಿತ್ತಿಯರ ಬ್ಯಾಗು ತಪಾಸಣೆ ಮಾಡುವ ಆರೋಗ್ಯ ಕಚೇರಿಯ ನರ್ಸ್ ಹ್ಯಾಸ್ಕ್ಯೂ ಅಂಗಳಕ್ಕೆ ಬಂದರು. ಕಾರಿನಿಂದ ಇಳಿಯಲಿಲ್ಲ. "ಓಝೆಲ್ಲಾ, ನಿನ್ನ ಬ್ಯಾಗಿನಷ್ಟು ಚೊಕ್ಕ ಬ್ಯಾಗು ಈ ಕೌಂಟೀಲಿ ಇನ್ನೊಬ್ಬ ಸೂಲಗಿತ್ತಿ ಹತ್ರ ಇಲ್ಲ. ಅದು ನಿನ್ನ ಕೈಲೇ ಉಳೀಲಿ. ಕೋರ್ಟ್‌ಹೌಸ್ ಸಹವಾಸ ಬೇಡ" ಎಂದರು. ಹೆದರಿಸಿದರೋ, ಒಳ್ಳೆಯದನ್ನು ಬಯಸಿದರೋ, ನನಗಿನ್ನೂ ಗೊತ್ತಾಗಿಲ್ಲ. ಬಹುಶಃ ಅವರಿಗೂ ಗೊತ್ತಿಲ್ಲ.

ಕಚೇರಿ ತೆರೆಯುವ ಮುಂದಿನ ಸೋಮವಾರ ಮತ್ತೆ ಹೋಗುತ್ತೇನೆ.

ಅಕ್ಕ ಓಝೆಲ್ಲಾ


ವಾಷಿಂಗ್ಟನ್
11 ಜೂನ್ 1964

ಅಕ್ಕಾ,

ಬಾಯಿ ಮುಚ್ಚಿಸಿದರು! ನಿನ್ನೆ ಮತಕ್ಕೆ ಹಾಕಿದರು, ಬೇಕಾದ್ದಕ್ಕಿಂತ ಹೆಚ್ಚೇ ಬಂತು. ನಾನು ಮಾಳಿಗೆ ಮೆಟ್ಟಿಲ ಮೇಲೆ ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಾಯಿಲೆಯಿಂದ ಮಾತೇ ನಿಂತುಹೋಗಿದ್ದ ಒಬ್ಬ ಸೆನೆಟರನ್ನು ಗಾಲಿಕುರ್ಚಿಯಲ್ಲಿ ತಂದಿದ್ದರಂತೆ. ಹೆಸರು ಕೂಗಿದಾಗ ಕೈಯೆತ್ತಿ ತಮ್ಮ ಕಣ್ಣನ್ನು ತೋರಿಸಿದರಂತೆ. ನಮ್ಮ ಮಾತಿನಲ್ಲಿ ಕಣ್ಣಿಗೂ "ಐ", ಹೌದಿಗೂ "ಐ", ಒಂದೇ ಸದ್ದಲ್ಲವೇ? ಅದನ್ನು ಕೇಳಿ ನಾನು ಅತ್ತುಬಿಟ್ಟೆ.

ನಮ್ಮ ಸಾಹೇಬರೂ ಹೌದು ಎಂದರು. ಅದರ ಹಿಂದಿನ ಕಥೆಯೊಂದನ್ನು ನಿನಗೆ ಮಾತ್ರ ಹೇಳುತ್ತೇನೆ. ಹದಿನೈದು ದಿನದ ಹಿಂದೆ ಬೆಳಗಿನ ತಿಂಡಿಯ ಹೊತ್ತಿಗೆ, "ಕ್ಲಿಯೋರಾ, ಈ ಮಸೂದೆ ಬಗ್ಗೆ ನಿಮ್ಮೂರ ಕಡೆಯೋರು ಏನಂತಾರೆ?" ಎಂದು ಕೇಳಿದರು. ಇಷ್ಟು ವರ್ಷ ಇಂಥ ಪ್ರಶ್ನೆಗೆ ನಾನು, "ಎಲ್ಲ ಚೆನ್ನಾಗಿದ್ದಾರೆ ಸಾರ್" ಎಂದು ಇನ್ನೊಂದು ಮೊಟ್ಟೆ ಬಡಿಸುತ್ತಿದ್ದೆ. ಆ ದಿನ ಟ್ರಾಮೆಲ್ಲರ ಮುಂದೆ ನಿಂತ ನಿನ್ನ ನೆನಪಾಯಿತು.

"ಸಾರ್, ದೂರದ ಪ್ರಯಾಣದಲ್ಲಿ ಬಾಯಾರಿದ್ರೆ ನೀವೇನ್ ಮಾಡ್ತೀರಿ?" ಎಂದೆ.

"ನೀರು ಕುಡೀತೀನಿ."

"ನಾನು ಕುಡಿಯಲ್ಲ. ಅಕ್ಕನ ಮನೆಗೆ ಕಾರಲ್ಲಿ ಹೋಗ್ತೀವಿ. ಹಿಂದಿನ ಸಂಜೆಯಿಂದ್ಲೇ ನೀರು ಬಿಡ್ತೀನಿ. ಪೆಟ್ರೋಲ್ ಬಂಕಿನವರು ನಮಗೆ ಪೆಟ್ರೋಲ್ ಮಾರ್ತಾರೆ, ಕಕ್ಕಸಿನ ಬೀಗದ ಕೈ ಕೊಡಲ್ಲ."

ಸಾಹೇಬರು ಚಮಚ ಕೆಳಗಿಟ್ಟರು. ಅಮ್ಮಾವ್ರು ನನ್ನನ್ನೇ ನೋಡುತ್ತಿದ್ದರು. ಕೆಲಸ ಹೋಯಿತು ಎಂದುಕೊಂಡೆ. ತಟ್ಟೆ ಎತ್ತಿಕೊಂಡು ಒಳಗೆ ಬಂದೆ. ಅವರು ಹೌದೆಂದದ್ದು ಪಾದ್ರಿಗಳ ಕಾಗದಕ್ಕೋ, ಗುಂಡಿ ಹಿಡಿದ ಆ ಹೆಂಗಸಿಗೋ, ನಾಯಕರ ಒತ್ತಾಯಕ್ಕೋ ಯಾರಿಗೆ ಗೊತ್ತು. ನಾನು ಕೇಳಿಲ್ಲ, ಅವರು ಹೇಳಿಲ್ಲ.

ಇನ್ನಾದರೂ ನೀನು ಸ್ವಲ್ಪ ಸುಮ್ಮನಿರುತ್ತೀಯಾ?

ಕ್ಲಿಯೋರಾ


ಸಾಯರ್ಸ್‌ಬೆಂಡ್
19 ಜುಲೈ 1964

ಪ್ರೀತಿಯ ಕ್ಲಿಯೋರಾ,

ಸಾಹೇಬರ ಮುಂದೆ ನೀನು ಆಡಿದ ಮಾತನ್ನು ಮೂರು ಸಲ ಓದಿದೆ. ಅವ್ವ ಇದ್ದಿದ್ದರೆ ನಿನ್ನ ಕೆನ್ನೆ ಹಿಂಡುತ್ತಿದ್ದಳು.

ಅಧ್ಯಕ್ಷರು ಕಾನೂನಿಗೆ ಸಹಿ ಹಾಕಿದ ಮರುವಾರ ಡೀಕನ್ ನನ್ನನ್ನು ಪೇಟೆಯ ಔಷಧಿ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿಯ ತಿಂಡಿ ಕಟ್ಟೆಯ ಮುಂದೆ ಬಿಳಿಯರಿಗೆ ಮಾತ್ರ ಇದ್ದ ಕೆಂಪು ಸ್ಟೂಲುಗಳು ನಿನಗೆ ಗೊತ್ತಲ್ಲ, ಚಿಕ್ಕಂದಿನಲ್ಲಿ ಒಮ್ಮೆ ಸುತ್ತಿ ನೋಡುತ್ತೇನೆಂದು ನೀನು ಹಟ ಹಿಡಿದಿದ್ದೆ. ಕೂತೆವು. ಬಡಿಸುವ ಹುಡುಗಿ ಗಡಿಬಿಡಿಯಲ್ಲಿ ಕಾಫಿಯನ್ನು ತಟ್ಟೆಗೆ ಚೆಲ್ಲಿದಳು. "ಪರವಾಗಿಲ್ಲ ಮಗಳೇ, ನಮಗೂ ಇದು ಹೊಸದು" ಎಂದೆ. ಡೀಕನ್ ಸ್ಯಾಂಡ್‌ವಿಚ್ಚನ್ನು ಎರಡು ಸಲ ಕಚ್ಚಿ, "ಇಷ್ಟು ವರ್ಷ ಬಡಿದಾಡಿದ್ದು ಈ ರಟ್ಟಿಗಾ?" ಎಂದರು. ಹೊರಗೆ ಬಂದು ನೋಡಿದರೆ ಅವರ ಟ್ರಕ್ಕಿನ ಎರಡು ಟೈರುಗಳನ್ನು ಯಾರೋ ಕೊಯ್ದಿದ್ದರು. ಬಿಸಿಲಲ್ಲಿ ಮನೆಯವರೆಗೂ ನಡೆದೆವು. ದಾರಿಯುದ್ದಕ್ಕೂ ಆ ಸ್ಯಾಂಡ್‌ವಿಚ್ಚನ್ನು ಬಯ್ಯುತ್ತಲೇ ಇದ್ದರು. ಟೈರಿನ ಸುದ್ದಿ ಎತ್ತಲೇ ಇಲ್ಲ.

ಆದರೆ ಟ್ರಾಮೆಲ್ಲರ ಬಾಗಿಲು ಈ ಕಾನೂನಿಗೂ ತೆರೆದಿಲ್ಲ. ಮತ್ತೆ ಎರಡು ಸಲ ಹೋಗಿದ್ದೆ. ಸುಮ್ಮನಿರು ಎಂದು ಕೇಳುತ್ತೀಯ. ಸ್ಟೂಲಿನ ಮೇಲೆ ಕೂತ ಮೇಲೆ ಸುಮ್ಮನಿರುವುದು ಇನ್ನೂ ಕಷ್ಟ.

ಓಝೆಲ್ಲಾ


ವಾಷಿಂಗ್ಟನ್
4 ನವೆಂಬರ್ 1964

ಅಕ್ಕಾ,

ನಿನ್ನೆ ನಾನು ಮತ ಹಾಕಿದೆ. ಈ ಪಟ್ಟಣದವರಿಗೆ ಅಧ್ಯಕ್ಷರನ್ನು ಆರಿಸುವ ಹಕ್ಕು ಬಂದು ಮೂರು ವರ್ಷವಾಯಿತು. ಹಾಕಲು ಚುನಾವಣೆ ಬಂದದ್ದು ಈಗ. ಯಾರೂ ಏನೂ ಕೇಳಲಿಲ್ಲ. ಹೋದೆ, ಹಾಕಿದೆ, ಬಂದು ರಾತ್ರಿಯ ಊಟಕ್ಕೆ ಕೋಳಿ ಹುರಿದೆ.

ಮೊದಲು ನೀನು ಹಾಕಬೇಕಿತ್ತು. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬಚ್ಚಿಡಲು ಮನಸ್ಸಾಗಲಿಲ್ಲ.

ಕ್ಲಿಯೋರಾ


ವಾಷಿಂಗ್ಟನ್
17 ಜನವರಿ 1965

ಅಕ್ಕಾ,

ನವೆಂಬರಿನ ಕಾಗದಕ್ಕೆ ಉತ್ತರವಿಲ್ಲ. ಕ್ರಿಸ್‌ಮಸ್ಸಿಗೆ ಕಳಿಸಿದ ಸ್ವೆಟರ್ ತಲುಪಿತೋ ಇಲ್ಲವೋ ತಿಳಿಯದು. ನಿನ್ನ ಪರವಾನಗಿ ಹೋಯಿತೆಂಬುದನ್ನು ಸ್ಪೈವಿಯವರ ಮಗಳ ಬಾಯಿಂದ ಕೇಳಬೇಕಾಯಿತು. ಸ್ವಂತ ತಂಗಿಗೆ ಒಂದು ಸಾಲು ಬರೆಯಲಾಗಲಿಲ್ಲವೇ?

ನಾನು ಹೇಳಿರಲಿಲ್ಲವೇ ಎಂದು ಕೇಳಬಾರದು, ಆದರೂ ಕೇಳುತ್ತೇನೆ: ನಾನು ಹೇಳಿರಲಿಲ್ಲವೇ? ಮನೆಗೆ ಬೀಗ ಹಾಕಿ ಇಲ್ಲಿಗೆ ಬಾ. ನನ್ನ ಕೋಣೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿದೆ. ಇಲ್ಲಿ ಆಸ್ಪತ್ರೆಗಳಿವೆ, ಕೆಲಸ ಸಿಗುತ್ತದೆ, ಮತವೂ ಸಿಗುತ್ತದೆ. ಆ ಊರು ನಿನಗೆ ಏನು ಕೊಟ್ಟಿದೆ?

ಕ್ಲಿಯೋರಾ


ಸಾಯರ್ಸ್‌ಬೆಂಡ್
28 ಮಾರ್ಚ್ 1965

ಕ್ಲಿಯೋರಾ,

ಸ್ವೆಟರ್ ಬಂತು. ಬೆಚ್ಚಗಿದೆ.

ನೀನು ಮತ ಹಾಕಿದ ಕಾಗದ ಬಂದ ದಿನ, ಸಂತೋಷವಾಯಿತು ಎಂದು ಬರೆಯಲು ಕೂತೆ. ನಿನ್ನ ಹೆಸರು ಬರೆದೆ, ಮುಂದಿನ ಪದ ಬರಲಿಲ್ಲ. ಹೊಟ್ಟೆಕಿಚ್ಚು ಎಂದು ಬೇಕಾದರೆ ಅನ್ನು. ನಿನ್ನ ಜಡೆ ಹೆಣೆದವಳು ನಾನು, ನಿನಗೆ ಅಕ್ಷರ ಕಲಿಸಿದವಳು ನಾನು. ಅಷ್ಟರಲ್ಲಿ ಡಿಸೆಂಬರಿನ ಸೂಲಗಿತ್ತಿಯರ ಸಭೆ ಬಂತು. ಎಲ್ಲರ ಬ್ಯಾಗುಗಳನ್ನೂ ನೋಡಿ ವಾಪಸು ಕೊಟ್ಟ ಹ್ಯಾಸ್ಕ್ಯೂ ನನ್ನದನ್ನು ಮಾತ್ರ ತಮ್ಮ ಮೇಜಿನ ಕೆಳಗಿಟ್ಟರು. "ಮೇಲಿನವರ ಅಪ್ಪಣೆ" ಎಂದರು, ನನ್ನ ಮುಖ ನೋಡದೆ. ಎರಡು ಸುದ್ದಿಯನ್ನೂ ಒಂದೇ ಕಾಗದದಲ್ಲಿ ಬರೆಯುವ ತ್ರಾಣ ನನಗಿರಲಿಲ್ಲ.

ಸೆಲ್ಮಾದ ಸೇತುವೆಯ ಸುದ್ದಿ ನೀನು ಟಿವಿಯಲ್ಲಿ ನೋಡಿರುತ್ತೀಯ. ಮತದ ಹಕ್ಕಿಗಾಗಿ ನಡೆದು ಹೊರಟವರನ್ನು ಪೊಲೀಸರು ಬಡಿದ ಆ ಭಾನುವಾರ ನಾನು ಅಲ್ಲಿರಲಿಲ್ಲ. ನಮ್ಮೂರ ಇಬ್ಬರು ಹುಡುಗರಿದ್ದರು. ಅವರನ್ನು ಡೀಕನ್ನರ ಟ್ರಕ್ಕಿನಲ್ಲಿ ನನ್ನ ಮನೆಗೆ ತಂದರು. ತಲೆಯ ಗಾಯ ತೊಳೆದು ಬಟ್ಟೆ ಕಟ್ಟಿದೆ. ಇಬ್ಬರೂ ನಾನೇ ಹಿಡಿದ ಕೂಸುಗಳು. ಮೊದಲ ಸಲ ನನ್ನ ಕೈಗೆ ಬಂದಾಗಲೂ ರಕ್ತ ಮೆತ್ತಿಕೊಂಡೇ ಬಂದಿದ್ದರು. ಆಗ ಅದನ್ನು ತೊಳೆಯುವಾಗ ಹಾಡುತ್ತಿದ್ದೆ.

ಅದಕ್ಕೇ ಮೊನ್ನೆ ಗುರುವಾರ ನಮ್ಮ ರಾಜಧಾನಿ ಮಾಂಟ್ಗೊಮರಿಗೆ ಹೋಗಿ, ಸೆಲ್ಮಾದಿಂದ ಮತ್ತೆ ಹೊರಟ ಮೆರವಣಿಗೆಯ ಕೊನೆಯ ದಾರಿ ನಡೆದೆ. ಸಾವಿರಾರು ಜನ. ಮಂಡಿ ಸಹಕರಿಸಲಿಲ್ಲ, ಡೀಕನ್ನರ ಭುಜ ಹಿಡಿದೆ. "ಭಾರ ಹಾಕ್ಬೇಡಮ್ಮಾ, ನಾನೇ ನಿನ್ನನ್ನ ಹಿಡ್ಕೊಂಡು ನಡೀತಿದೀನಿ" ಎಂದರು.

ಈ ಊರು ನನಗೆ ಏನು ಕೊಟ್ಟಿದೆ ಎಂದು ಕೇಳಿದೆ. ಇಲ್ಲಿಯ ಹಾದಿಯಲ್ಲಿ ನಡೆದರೆ ಎದುರಿಗೆ ಬರುವವರಲ್ಲಿ ಮುಕ್ಕಾಲು ಜನ ಕಣ್ಣು ಬಿಟ್ಟು ಮೊದಲು ನೋಡಿದ ಮುಖ ನನ್ನದು. ಅವರನ್ನು ಬಿಟ್ಟು ಎಲ್ಲಿಗೆ ಬರಲಿ? ಪಕ್ಕದ ಮನೆಯ ಅರ್ನೆತಾಗೆ ಜೂನಿನಲ್ಲಿ ದಿನ ತುಂಬುತ್ತದೆ. ಚೊಚ್ಚಲು.

ಸಿಟ್ಟಿದ್ದರೂ ಬರೆ.

ಓಝೆಲ್ಲಾ


ವಾಷಿಂಗ್ಟನ್
27 ಮೇ 1965

ಅಕ್ಕಾ,

ನಿನ್ನೆ ಸೆನೆಟ್ಟಿನಲ್ಲಿ ಮತದ ಹಕ್ಕಿನ ಮಸೂದೆ ಪಾಸಾಯಿತು. ಈ ಸಲ ರೇಡಿಯೋ ಕೇಳುತ್ತಾ ಕೂರಲಿಲ್ಲ. "ಒಳಗೆ ಕೂತು ನೋಡೋಕೆ ನನಗೂ ಒಂದು ಪಾಸು ಬೇಕು" ಎಂದು ಅಮ್ಮಾವ್ರನ್ನು ಕೇಳಿದೆ. "ಅಡುಗೆ?" ಎಂದರು. "ಇವತ್ತು ನೀವೇ ಮಾಡ್ಕೊಳ್ಳಿ" ಎಂದೆ. ನಕ್ಕುಬಿಟ್ಟರು.

ಪ್ರೇಕ್ಷಕರ ಮೇಲಿನ ಸಾಲಿನಲ್ಲಿ ಟೋಪಿ ಹಾಕಿಕೊಂಡು ಕೂತಿದ್ದೆ. ಒಬ್ಬೊಬ್ಬರ ಹೆಸರು ಕೂಗುತ್ತಾರೆ. ನಮ್ಮ ಸಾಹೇಬರು, ಸೂಪಿಗೆ ಉಪ್ಪು ಕಮ್ಮಿ ಎನ್ನುವ ಅದೇ ದನಿಯಲ್ಲಿ ಹೌದು ಎಂದರು. ನಾನು ಅವರನ್ನು ನೋಡಲಿಲ್ಲ. ಹೆಸರು ಕೂಗುವವನ ಬಾಯನ್ನೇ ನೋಡುತ್ತಿದ್ದೆ. ಪ್ರತಿ ಹೌದಿಗೂ ನೀನು ಬಟ್ಟೆ ಕಟ್ಟಿದ ಆ ಇಬ್ಬರು ಹುಡುಗರ ತಲೆ ನೆನಪಾಗುತ್ತಿತ್ತು. ಅವರಿಗೆ ಬಿದ್ದ ಏಟು ಇಲ್ಲಿಯವರೆಗೆ ಕೇಳಿಸದೆ ಹೋಗಿದ್ದರೆ ಈ ಮಸೂದೆ ಇಷ್ಟು ಬೇಗ ಇಲ್ಲಿಗೆ ಬರುತ್ತಿರಲಿಲ್ಲ.

ಇನ್ನು ಕೆಳಮನೆಯ ಮತ ಬಾಕಿ ಇದೆ, ಆಮೇಲೆ ಅಧ್ಯಕ್ಷರ ಸಹಿ. ಟ್ರಾಮೆಲ್ಲರಂಥವರ ಕಚೇರಿ ತಪ್ಪಿಸಿ ಇಲ್ಲಿಂದಲೇ ಅಧಿಕಾರಿಗಳನ್ನು ಕಳಿಸುತ್ತಾರಂತೆ.

ಇಲ್ಲಿಗೆ ಬಾ ಎಂದು ಇನ್ನು ಕರೆಯುವುದಿಲ್ಲ ಅಕ್ಕಾ.

ಕ್ಲಿಯೋರಾ


ಸಾಯರ್ಸ್‌ಬೆಂಡ್
20 ಜೂನ್ 1965

ಪ್ರೀತಿಯ ಕ್ಲಿಯೋರಾ,

ಅರ್ನೆತಾಗೆ ಹೆಣ್ಣು ಮಗು. ನಡು ಮಧ್ಯಾಹ್ನ ನೋವು ಶುರುವಾಯಿತು. ಅವಳ ಗಂಡ ಆಸ್ಪತ್ರೆಗೆ ಫೋನು ಮಾಡಲು ಅಂಗಡಿಗೆ ಓಡಿದ. ಮುಂಗಡ ಕಟ್ಟದೆ ಹಾಸಿಗೆ ಇಲ್ಲವೆಂದರಂತೆ. ಅವಳ ತಾಯಿ ನನ್ನ ಬಾಗಿಲಿಗೆ ಬಂದು ನಿಂತಳು. ಪರವಾನಗಿಯಿಲ್ಲದೆ ಕೈ ಹಾಕಿದರೆ ಜೈಲೆಂದು ಅವಳಿಗೂ ಗೊತ್ತು. ನಾನು ನೀರು ಕಾಯಿಸು ಎಂದೆ.

ಹೆರಿಗೆ ಸಲೀಸಾಗಿ ಆಯಿತು. ಹೊಕ್ಕುಳ ಬಳ್ಳಿ ಕಟ್ಟಿ ಕೊಯ್ಯುವ ಹೊತ್ತಿಗೆ ಹ್ಯಾಸ್ಕ್ಯೂ ಬಂದರು, ಯಾರು ಹೇಳಿದರೋ. ಮಗುವನ್ನು ನೋಡಿದರು, ಕಟ್ಟಿದ ಗಂಟು ನೋಡಿದರು, ಹಸುಗೂಸಿನ ಕಣ್ಣಿಗೆ ಹಾಕುವ ಔಷಧಿಯನ್ನು ತಮ್ಮ ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಜನನದ ಕಾಗದ ತೆಗೆದು, "ಹೆರಿಗೆ ಮಾಡಿಸಿದೋರು ಅನ್ನೋ ಕಡೆ ನನ್ನ ಹೆಸರು ಬರೀತೀನಿ. ನಿನ್ನ ಹೆಸರು ಬರೆದ್ರೆ ನಾಳೆ ಶೆರಿಫ್ ಬರ್ತಾನೆ" ಎಂದರು.

ಹಾಸಿಗೆಯಿಂದ ಅರ್ನೆತಾ, "ನನ್ನ ಮಗೂನ ಹಿಡಿದೋರು ಮಿಸ್ ಓಝೆಲ್ಲಾ. ಸುಳ್ಳು ಬರೀಬೇಡಿ" ಎಂದಳು. ಹೆತ್ತು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಎಂಥ ದನಿ!

"ಬರೀರಿ. ಮಗೂಗೆ ಕಾಗದ ಬೇಕು" ಎಂದೆ.

ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನನ್ನ ಕೆಟ್ಟವಳು ಅಂದ್ಕೊಂಡಿದೀಯಾ ಓಝೆಲ್ಲಾ?" ಎಂದು ಕೇಳಿದರು. ಅವರು ನನ್ನನ್ನು ಉಳಿಸಿದರು. ನನ್ನ ಕೆಲಸವನ್ನು ತಮ್ಮ ಹೆಸರಿಗೆ ಬರೆದುಕೊಂಡರು. ಎರಡೂ ಒಂದೇ ಪೆನ್ನಿನಲ್ಲಿ. "ಕೈ ತೊಳ್ಕೊಂಡು ಹೋಗಿ, ಬಿಸಿನೀರು ಇದೆ" ಎಂದೆ. ತೊಳೆದುಕೊಂಡು ಹೋದರು.

ಮಗುವಿಗೆ ಅಮಿಟಿ ಎಂದು ಹೆಸರಿಟ್ಟಿದ್ದಾರೆ. ತಲೆ ತುಂಬ ಕೂದಲು.

ಓಝೆಲ್ಲಾ


ಸಾಯರ್ಸ್‌ಬೆಂಡ್
22 ಆಗಸ್ಟ್ 1965

ಕ್ಲಿಯೋರಾ,

ಕೂತುಕೊಂಡು ಓದು. ನನ್ನ ಹೆಸರು ಪಟ್ಟಿಗೆ ಸೇರಿತು.

ಕಾನೂನಿಗೆ ಸಹಿ ಬಿದ್ದದ್ದೇ ನೀನು ಹೇಳಿದ ಹಾಗೆಯೇ ಅಧಿಕಾರಿಗಳು ಬಂದರು. ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡಿದ್ದರು. ಬಿಸಿಲು ನೆತ್ತಿ ಸುಡುತ್ತಿತ್ತು. ಹೆಂಗಸರು ಕೊಡೆ ತಂದಿದ್ದರು, ಯಾರೋ ಕಲ್ಲಂಗಡಿ ಕೊಯ್ದು ಹಂಚುತ್ತಿದ್ದರು. ಮೇಜಿನ ಹಿಂದೆ ಓಹಾಯೋದ ಬಿಳಿಯ ಹುಡುಗ, ಮೂಗೆಲ್ಲ ಬಿಸಿಲಿಗೆ ಸುಲಿದುಹೋಗಿತ್ತು. "ಮಿಸೆಸ್ ಟಾಲಿವರ್, ನೀವು ಕೂತ್ಕೊಳ್ಳಿ" ಎಂದ. ಕ್ಲಿಯೋರಾ, ಈ ಕೌಂಟಿಯ ಯಾವ ಕಚೇರಿಯಲ್ಲೂ ಬಿಳಿಯರ ಬಾಯಿಂದ ನನಗೆ ಮಿಸೆಸ್ ಎಂದಾಗಲಿ, ಕೂತ್ಕೊಳ್ಳಿ ಎಂದಾಗಲಿ ಮಾತು ಬಂದಿರಲಿಲ್ಲ. ಹೆಸರು, ವಿಳಾಸ, ವಯಸ್ಸು. ಮುಗಿಯಿತು. ನಾನು ಎದ್ದೇಳಲಿಲ್ಲ. "ಇನ್ನೇನೂ ಇಲ್ಲ ಮೇಡಂ" ಎಂದು ಅವನೇ ಹೇಳಬೇಕಾಯಿತು.

ಡೀಕನ್ನರದು ಬೇರೆಯೇ ಕಥೆ. ಟ್ರಾಮೆಲ್ಲರ ಪ್ರಶ್ನೆಗಳಿಗೆಂದು ವರ್ಷವಿಡೀ ಸಂವಿಧಾನ ಬಾಯಿಪಾಠ ಮಾಡಿದ್ದರಲ್ಲ, ಈ ಹುಡುಗ ಒಂದು ಪ್ರಶ್ನೆಯನ್ನೂ ಕೇಳದೆ ಚೀಟಿ ಕೊಟ್ಟುಬಿಟ್ಟ. "ಕೇಳಪ್ಪಾ, ಏನಾದ್ರೂ ಕೇಳು" ಎಂದರು. "ಕೇಳೋ ಹಾಗಿಲ್ಲ ಸಾರ್." "ನೀನು ಕೇಳದಿದ್ರೆ ಬಿಡು, ನಾನು ಹೇಳ್ತೀನಿ" ಎಂದು ಅಲ್ಲೇ ನಿಂತು ಶುರುಮಾಡಿದರು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿ ಹೊರಗೆ ಕರೆತರಬೇಕಾಯಿತು.

ಪರವಾನಗಿ ಇನ್ನೂ ಬಂದಿಲ್ಲ. ಆರೋಗ್ಯ ಕಚೇರಿಗೆ ದುಡ್ಡು ಮಂಜೂರು ಮಾಡುವ ಕೌಂಟಿ ಕಮಿಷನ್ನಿನವರು ಇನ್ನು ಮುಂದೆ ನಮ್ಮ ಮತವನ್ನೂ ಕೇಳಬೇಕು. ಕೇಳಲು ಬರಲಿ, ನನಗೂ ಕೇಳುವುದಿದೆ.

ಓಝೆಲ್ಲಾ ಟಾಲಿವರ್, ಮತದಾರಳು


ಸಾಯರ್ಸ್‌ಬೆಂಡ್
4 ಮೇ 1966

ಪ್ರೀತಿಯ ಕ್ಲಿಯೋರಾ,

ನಿನ್ನೆ ಮತ ಹಾಕಿದೆ. ನೀನು ಬೆಳಿಗ್ಗೆ ಅಂಗಡಿಗೆ ಮಾಡಿದ ಫೋನಿನ ಸುದ್ದಿ ಸಂಜೆ ತಲುಪಿತು. ಅಷ್ಟು ಹೊತ್ತೂ ನಾನು ಸಾಲಿನಲ್ಲಿದ್ದೆ.

ಹೋದ ತಿಂಗಳು ಶೆರಿಫ್ ಹುದ್ದೆಗೆ ನಿಂತ ಬಿಳಿಯನೊಬ್ಬ ನಮ್ಮ ಚರ್ಚಿಗೆ ಬಂದು ಎಲ್ಲರ ಕೈ ಕುಲುಕಿದ. ಕಮಿಷನ್ನಿನ ಇಬ್ಬರು ನನ್ನ ಅಂಗಳಕ್ಕೇ ಬಂದರು, ಕಾರಿನಿಂದ ಇಳಿದು. ಪರವಾನಗಿಯ ಮಾತೆತ್ತಿದೆ. ಒಬ್ಬ ಟೋಪಿ ತಿರುಗಿಸುತ್ತಾ, "ನೋಡೋಣ ಮಿಸೆಸ್ ಟಾಲಿವರ್" ಎಂದ. ನೋಡುತ್ತಾನೋ ಇಲ್ಲವೋ, ಮುಂದಿನ ಚುನಾವಣೆಗೆ ನಾನಂತೂ ಅವನನ್ನು ನೋಡುತ್ತೇನೆ.

ಸಾಲು ಶಾಲೆಯ ಬಾಗಿಲಿನಿಂದ ಕಬ್ಬಿಣದ ಸೇತುವೆಯವರೆಗೂ ಇತ್ತು. "ಮಿಸ್ ಓಝೆಲ್ಲಾನ ಮುಂದೆ ಬಿಡಿ, ಕಾಲು ನೋವಿದೆ" ಎಂದು ಹುಡುಗರು ಕೂಗಿದರು. ನಾನು ಹೋಗಲಿಲ್ಲ. ನನ್ನ ಮುಂದೆ ಅರ್ನೆತಾ, ಹಿಂದೆ ಡೀಕನ್. ಅರ್ನೆತಾ ಒಳಗೆ ಹೋಗುವಾಗ ಅಮಿಟಿಯನ್ನು ನನ್ನ ಕೈಗೆ ಕೊಟ್ಟಳು, ನಾನು ಹೋಗುವಾಗ ಡೀಕನ್ನರ ಕೈಗೆ ಕೊಟ್ಟೆ. ಅವರು ಹೋಗುವಾಗ ಮಗು ಯಾರ ಕೈಗೆ ಹೋಯಿತೋ, ಸಂಜೆ ಅವಳ ಕೆನ್ನೆಯ ತುಂಬ ಯಾರೋ ಕೊಟ್ಟ ಕೇಕು ಮೆತ್ತಿಕೊಂಡಿತ್ತು.

ಒಳಗೆ ಪರದೆ ಎಳೆದ ಪುಟ್ಟ ಜಾಗ. ಪೆನ್ಸಿಲು ಹಿಡಿದು ಹೆಸರುಗಳನ್ನು ಒಂದೊಂದಾಗಿ ಓದಿ ಗುರುತು ಹಾಕಿದೆ.

ಮನೆಗೆ ಬರುವಾಗ ಡೀಕನ್, "ಶೆರಿಫ್‌ಗೆ ಯಾರಿಗೆ ಹಾಕಿದ್ಯಮ್ಮಾ?" ಎಂದು ಕೇಳಿದರು. ಹೇಳಲಿಲ್ಲ. ದಾರಿಯುದ್ದಕ್ಕೂ ಗೋಗರೆದರು. ನೀನೂ ಕೇಳುತ್ತೀಯೆಂದು ಗೊತ್ತು, ನಿನಗೂ ಹೇಳುವುದಿಲ್ಲ. ಈ ಊರಿನ ಹೆರಿಗೆ ಮನೆಗಳ ಗುಟ್ಟುಗಳನ್ನೆಲ್ಲ ಇಷ್ಟು ವರ್ಷ ನಾನೇ ಹೊತ್ತುಕೊಂಡು ತಿರುಗಿದ್ದೇನೆ: ಯಾರ ಮೂಗು ಯಾರಂತಿದೆ, ಯಾರು ಯಾರ ಹೆಸರು ಕೂಗಿ ಅತ್ತರು, ಎಲ್ಲ. ಒಂದೂ ನನ್ನದಲ್ಲ. ಈಗ ನನ್ನದೇ ಆದದ್ದು ಒಂದು ಸಿಕ್ಕಿದೆ. ಅಷ್ಟು ಬೇಗ ಬಿಟ್ಟುಕೊಡುತ್ತೇನೆಯೇ?

ನಿನ್ನ ಅಕ್ಕ,
ಓಝೆಲ್ಲಾ